ಇಲ್ಲ ಎನ್ನಲು ಒಬ್ಬರು ಬೇಕು

ದೋಹಾಕ್ಕೆ ಬಂದ ಮರುದಿನ ಮುಖ ತೊಳೆಯಲು ತಣ್ಣೀರಿನ ನಲ್ಲಿ ತಿರುಗಿಸಿದೆ. ಕೈ ಬೆಂದಿತು. ಬೇಸಿಗೆಯಲ್ಲಿ ಇಲ್ಲಿ ತಾರಸಿಯ ಟ್ಯಾಂಕಿಯೇ ಕಾಯುತ್ತದೆ. ತಣ್ಣಗಿನ ನೀರು ಬೇಕಾದರೆ ಮನೆಯೊಳಗೆ ತಂಪಿನಲ್ಲಿರುವ ಗೀಸರ್ ಆರಿಸಿಟ್ಟು ಬಿಸಿನೀರಿನ ನಲ್ಲಿ ತಿರುಗಿಸಬೇಕು. ಇದನ್ನು ಹೇಳದೆ ನನ್ನ ಮಗಳು ಲವೀನಾ ಆಫೀಸಿಗೆ ಹೋಗಿದ್ದಳು. ಆವತ್ತು ಈ ಊರಿನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ನಳು. ಮೂರನೆಯ ಕ್ಲಾಸಿನವರೆಗೆ ಕನ್ನಡ ಶಾಲೆ, ಆಮೇಲೆ ಬೊಂಬಾಯಿಯಲ್ಲಿ ಕಂಡವರ ಮನೆಯ ಅಡುಗೆ. ಮುದುಕಿಯಾದ ಮೇಲೆ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಮಗಳು ಕರೆಸಿಕೊಂಡಳು. ಐನ್ ಖಾಲಿದ್‌ನಲ್ಲಿ ಒಂದು ವಿಲ್ಲಾಕ್ಕೆ ಅಡ್ಡಗೋಡೆ ಹಾಕಿ, ತುಂಡು ತುಂಡು ಮಾಡಿ ಬಾಡಿಗೆಗೆ ಕೊಡುತ್ತಾರೆ. ನಮ್ಮದೂ ಅಂಥ ಒಂದು ತುಂಡು. ಊರಿನಲ್ಲಿ ನೆರೆಮನೆಯಿಂದ ಸಾರಿನ ಪರಿಮಳ ಬರುತ್ತದೆ, ಇಲ್ಲಿ ಅಡ್ಡಗೋಡೆ ದಾಟಿ ಕೆಮ್ಮು ಬರುತ್ತದೆ. ಹಮೂರ್ ಎಂಬ ದುಬಾರಿ ಮೀನನ್ನು ಇಲ್ಲಿಯವರು ಹೊಗಳುತ್ತಾರೆ. ಬಂಗುಡೆ ತಿಂದ ಬಾಯಿಗೆ ಅದು ಬೇಯಿಸಿದ ಹತ್ತಿ.

ಪಕ್ಕದ ತುಂಡಿನಲ್ಲಿ ದಿನಾ ಬೆಳಿಗ್ಗೆ ಇಬ್ಬರು ಗಂಡಸರ ಜಗಳ. ಒಂದು ದಪ್ಪ ಸ್ವರ, ಒಂದು ಸಣ್ಣ ಸ್ವರ. ಮಗುವನ್ನು ಮಲಗಲು ಬಿಡುವುದಿಲ್ಲ. ಒಂದು ದಿನ ಹೋಗಿ ಬಾಗಿಲು ಬಡಿದೆ. ತೆರೆದದ್ದು ತಲೆಗೆ ಸಣ್ಣ ಟೊಪ್ಪಿ ಇಟ್ಟ ಒಬ್ಬ ಮುದುಕ. ಮೇಜಿನ ಮೇಲೆ ಹಲಗೆಯಷ್ಟು ದೊಡ್ಡ ಪುಸ್ತಕ.

“ಇನ್ನೊಬ್ಬ ಎಲ್ಲಿ?” ಎಂದೆ.

“ಇನ್ನೊಬ್ಬನೂ ನಾನೇ, ಬಾಯಿ.”

ಹುಚ್ಚು ಎಂದುಕೊಂಡೆ. ಹುಚ್ಚಲ್ಲ. ಹೆಸರು ಸ್ಯಾಮ್ಸನ್, ಬೊಂಬಾಯಿಯಲ್ಲಿ ಶಾಲೆಯ ಮಾಸ್ತರರಾಗಿದ್ದವರು. ಯಹೂದಿ. ಅವರವರು ಕೊಂಕಣದ ಕರಾವಳಿಯಲ್ಲಿ ನೆಲೆಸಿ ಎಷ್ಟೋ ಕಾಲವಾಯಿತಂತೆ. ನಮ್ಮ ಹಾಗೆಯೇ ತೆಂಗಿನ ಹಾಲಿನ ಮೀನುಸಾರು ತಿನ್ನುತ್ತಾರೆ. ಹೆಂಡತಿ ತೀರಿಕೊಂಡ ಮೇಲೆ ಮಗ ರೂಬೆನ್ ಇಲ್ಲಿಗೆ ಕರೆತಂದಿದ್ದ. ಹೆಸರು ಕೇಳಿ ವಿಲ್ಲಾದವರೆಲ್ಲ ಅವರನ್ನು ನಮ್ಮ ಹಾಗೆ ಕ್ರಿಶ್ಚಿಯನ್ನರೆಂದೇ ತಿಳಿದಿದ್ದರು. ಇಲ್ಲಿ ವೀಸಾ ಕಂಪನಿಯ ಕೈಯಲ್ಲಿ, ಯಹೂದಿ ಎಂದು ತಿಳಿದರೆ ಕೆಲಸ ಹೋದೀತೆಂಬ ಹೆದರಿಕೆ. ಹಾಗೆ ತಿಳಿದುಕೊಳ್ಳಲಿ ಎಂದು ರೂಬೆನ್ ಬಾಯಿ ಮುಚ್ಚಿಕೊಂಡಿದ್ದ.

ನಮ್ಮಿಬ್ಬರ ಮಾತು ಬೊಂಬಾಯಿ ಹಿಂದಿ. ಮಾಸ್ತರರು ಹೇಳಿದರು: “ಸತ್ತವರ ಹೆಸರಿನ ನಮ್ಮ ಪ್ರಾರ್ಥನೆಗೆ ಹತ್ತು ಗಂಡಸರು ಬೇಕು. ಈ ಮರಳಿನಲ್ಲಿ ಎಲ್ಲಿಂದ ತರಲಿ? ಆದರೆ ಧರ್ಮಗ್ರಂಥ ಕಲಿಯಲು ಇಬ್ಬರು ಸಾಕು. ನನ್ನ ಹೆಂಡತಿ ಸತ್ತು ವರ್ಷ ತುಂಬುವುದರೊಳಗೆ ಈ ಪುಸ್ತಕ ಮುಗಿಸಬೇಕು. ಅದರ ಪುಣ್ಯ ಅವಳಿಗೆ.”

“ನಾವು ಸತ್ತವರಿಗೆ ಚರ್ಚಿನಲ್ಲಿ ಪೂಜೆ ಹೇಳಿಸುತ್ತೇವೆ. ಓದಿದರೆ ಸತ್ತವರ ಹೊಟ್ಟೆ ತುಂಬುತ್ತದೆಯೇ?”

“ತುಂಬುತ್ತದೆ. ಆದರೆ ಒಬ್ಬನೇ ಓದಿದರೆ ತಪ್ಪು ತಪ್ಪಾಗಿಯೇ ಉಳಿಯುತ್ತದೆ. ಇಲ್ಲ ಎನ್ನಲು ಎದುರಿಗೆ ಒಬ್ಬರು ಬೇಕು.” ಓದಿನ ಆ ಜೋಡಿಗೆ ಹವ್ರುತಾ ಎನ್ನುತ್ತಾರಂತೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀವು ಇಲ್ಲ ಎನ್ನುವುದರಲ್ಲಿ ಗಟ್ಟಿ ಕಾಣುತ್ತೀರಿ” ಎಂದರು.

“ನಾನು ಹೊರಗಿನವಳು. ಹೆಂಗಸು ಬೇರೆ. ನಿಮ್ಮಲ್ಲಿ ನಡೆಯುತ್ತದೆಯೇ?”

“ನಡೆಯುವುದಿಲ್ಲ ಎನ್ನುವವರಿದ್ದಾರೆ. ಕುಳಿತುಕೊಳ್ಳಿ, ಮೊದಲು ಅದನ್ನೇ ವಾದಿಸೋಣ.”

ಕುಳಿತೆ, ಸಿಟ್ಟಿನಿಂದಲೇ. ಓದಿದವರನ್ನು ಕಂಡರೆ ನನಗೆ ಆಗುವುದಿಲ್ಲ. ಬೊಂಬಾಯಿಯ ಮನೆಗಳಲ್ಲಿ ಪುಸ್ತಕ ಹಿಡಿದವರು ಒಂದು ಲೋಟ ಎತ್ತಿಟ್ಟದ್ದನ್ನು ನಾನು ಕಂಡಿಲ್ಲ. ಪುಸ್ತಕದಲ್ಲಿ ದೇವರು ಬರುತ್ತಾನೆಂದು ಕಾದರೆ ಬಂದದ್ದು ದಾರಿಯಲ್ಲಿ ಬಿದ್ದು ಸಿಕ್ಕಿದ ಸಾಮಾನು. ಒಕ್ಕುವ ಕಳದಲ್ಲಿ ಚೆಲ್ಲಿದ ಕಾಳು ಸಿಕ್ಕಿದರೆ ಯಾರದು? ಒಡೆಯ ಆಸೆ ಬಿಟ್ಟಿದ್ದರೆ ಸಿಕ್ಕಿದವನದು ಎಂದರು ಮಾಸ್ತರರು.

“ಬಿಟ್ಟನೆಂದು ಯಾರು ಹೇಳಿದ್ದು? ಮಧ್ಯಾಹ್ನದ ಗಂಜಿಗೆ ಹೋಗಿರಬಹುದು.”

“ಗಂಜಿಗೆ ಹೋದವನು ರಾಶಿ ಮಾಡಿ ಹೋಗುತ್ತಾನೆ. ತಪ್ಪು, ಬಾಯಿ! ಆದರೆ ಒಳ್ಳೆಯ ತಪ್ಪು. ಇನ್ನೊಂದು ಹೇಳಿ.”

ಹೀಗೆ ದಿನಾ, ಅವರು ಪುಸ್ತಕದ ಭಾಷೆಯಲ್ಲಿ ಕೂಗಿ ಓದಿ ಹಿಂದಿಯಲ್ಲಿ ಅರ್ಥ ಹೇಳುವುದು, ನಾನು ಇಲ್ಲ ಎನ್ನುವುದು. ದಿನಾ ಸೋಲುವವಳು ನಾನೇ. ಮನೆಗೆ ಬಂದು ಪಾತ್ರೆ ಕುಕ್ಕುತ್ತ ಮರುದಿನ ಏನು ಹೇಳಲಿ ಎಂದು ಹುಡುಕುತ್ತಿದ್ದೆ. ನಮ್ಮ ಧರ್ಮೋಪದೇಶದ ಕ್ಲಾಸಿನಲ್ಲಿ ಪ್ರಶ್ನೆಯೂ ಪಾದ್ರಿಗಳದೇ, ಉತ್ತರವೂ ಅವರದೇ. ಬಾಯಿಪಾಠ ಮಾಡಿದರೆ ಮುಗಿಯಿತು. ಇಲ್ಲಿ ಸೋತವರ ಮಾತನ್ನೂ ಹೆಸರು ಹಾಕಿ ಪುಸ್ತಕದಲ್ಲೇ ಇಟ್ಟುಕೊಂಡಿದ್ದಾರೆ. ಇವರಿಗೆ ಬೇರೆ ಕೆಲಸವಿಲ್ಲವೇ ಎಂದು ಬಯ್ದೆ. “ಇದೇ ಕೆಲಸ” ಎಂದರು.

ನಮ್ಮ ಗಲಾಟೆ ಎದುರಿನ ಮಲಯಾಳಿ ಹೆಂಗಸಿಗೆ ಕೇಳಿಸಿತು. ಆ ಮುದುಕ ಕೂಗುವುದು ಯಾವ ಭಾಷೆ ಎಂದು ಅವಳು ಲವೀನಾಳನ್ನು ಕೇಳಿದಳು.

“ಅಮ್ಮಾ, ಇನ್ನು ಅಲ್ಲಿಗೆ ಹೋಗುದು ಬೇಡ. ನಿಮ್ಮ ಬೊಬ್ಬೆಯಿಂದ ಆ ರೂಬೆನ್‌ಗೆ ಎಂತಾದ್ರೂ ಆದ್ರೆ?”

“ಅವ ಎಂತ, ಕದ್ದಿದ್ದಾನಾ?”

“ಕದಿಯದವರಿಗೂ ಇಲ್ಲಿ ಹೆದರಿಕೆ ಉಂಟು ಮಾರಾಯ್ತಿ!”

ವರ್ಷ ತುಂಬುವ ದಿನ ಬಂತು. ಒಂದು ಪುಟ ಬಾಕಿ. ಮಗಳ ಮಾತು ಕೇಳದೆ ನಾನು ಹೋದಾಗ, ಮಲಯಾಳಿ ಹೆಂಗಸಿನ ಪ್ರಶ್ನೆ ಕಿವಿಗೆ ಬಿದ್ದು ರೂಬೆನ್ ರಜೆ ಹಾಕಿ ಮನೆಯಲ್ಲೇ ಇದ್ದ. ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ.

“ಪಪ್ಪಾ, ಖಲಾಸ್. ಮುಗಿಯಿತು. ಕೆಲಸ ಹೋದರೆ ಎಲ್ಲರೂ ಮನೆಗೆ.” ಮಾಸ್ತರರು ಬಟ್ಟೆಯ ಇನ್ನೊಂದು ತುದಿ ಹಿಡಿದು ಬಿಡಲಿಲ್ಲ.

ನಾನು ಕೇಳಿದೆ: “ನಿನ್ನ ತಾಯಿಗೆ ಇವತ್ತು ನೀನು ಏನು ಮಾಡುತ್ತೀ?”

“ಹತ್ತು ಜನ ಇಲ್ಲ, ಆಂಟಿ.”

“ಇಬ್ಬರು ಸಾಕಂತೆ. ಹೆತ್ತವಳಿಗೆ ಬಾಡಿಗೆಯ ಮುದುಕಿ ಯಾಕೆ? ಕಿಟಕಿ ಹಾಕು, ಏಸಿ ಜೋರು ಮಾಡು, ಕುಳಿತುಕೋ.”

ಅವನು ಕುಳಿತ. ನಾನು ಅಡುಗೆಕೋಣೆಯ ಬಾಗಿಲಲ್ಲಿ ನಿಂತೆ. ಮಾಸ್ತರರು ಓದಿ ಅರ್ಥ ಹೇಳಿದರು. “ಹೌದು ಪಪ್ಪಾ” ಎಂದ. ಮತ್ತೊಂದು ಸಾಲಿಗೂ “ಹೌದು ಪಪ್ಪಾ.” ಮಾಸ್ತರರ ಮುಖ ಬಾಡಿತು.

“ಇಲ್ಲ ಅನ್ನು ಮಾರಾಯ!” ಎಂದು ಕೂಗಿದೆ.

ರೂಬೆನ್ ಪುಟದ ಮೇಲೆ ಬೆರಳಿಟ್ಟು ಮೇಲಿನ ಸಾಲನ್ನು ಮತ್ತೆ ಓದಿದ. “ಇಲ್ಲ ಪಪ್ಪಾ,” ಎಂದ, “ನೀವು ಮೇಲೆ ಹೇಳಿದ್ದಕ್ಕೂ ಇದಕ್ಕೂ ತಾಳೆಯಾಗುವುದಿಲ್ಲ.” ಮಾಸ್ತರರು ಮೇಜಿಗೆ ಗುದ್ದಿದರು. “ಆಗುತ್ತದೆ! ಹೇಗೆ ಕೇಳು!” ತಂದೆ ಮಗ ಇಬ್ಬರಿಗೂ ಕಣ್ಣೀರು. ನನಗೆ ಅದೆಲ್ಲ ಆಗುವುದಿಲ್ಲ, ಮನೆಗೆ ಬಂದೆ.

ಆಮೇಲೆ ಅಲ್ಲಿ ನನಗೆ ಕೆಲಸವಿರಲಿಲ್ಲ. ಶುಕ್ರವಾರ ಕಿಟಕಿ ಮುಚ್ಚಿ ತಂದೆ ಮಗ ಕೂರುತ್ತಾರೆ. ಅದು ಸರಿಯೇ.

ರಜೆಗೆ ಊರಿಗೆ ಹೋದಾಗ ನಮ್ಮ ವಾಡೆಯ, ಅಂದರೆ ನೆರೆಕರೆಯ ಮನೆಗಳ, ಪ್ರಾರ್ಥನೆಯಲ್ಲಿ ಅದರ ಮುಖಂಡರಾದ ಗುರ್ಕಾರರು ಬೈಬಲ್ ಓದಿ ಅರ್ಥ ಹೇಳಿದರು. “ಅದು ಹಾಗೆಯೇ ಎಂದು ಹೇಗೆ ಗೊತ್ತು?” ಎಂದು ಕೇಳಿಬಿಟ್ಟೆ. ಎಲ್ಲರೂ ತಿರುಗಿ ನೋಡಿದರು.

“ಬಾಯಮ್ಮ, ದೋಹಾದ ಗಾಳಿ ತಾಗಿತಾ ನಿಮ್ಗೆ? ಸುಮ್ನೆ ಆಮೆನ್ ಹೇಳಿ,” ಎಂದರು ಗುರ್ಕಾರರು. ಹೆಂಗಸರು ನಕ್ಕರು. ಊರಿಗೆ ಯಾವಾಗ ಹೋಗುವೆನೆಂದು ಎರಡು ವರ್ಷ ದಿನ ಎಣಿಸಿದವಳು ನಾನು. ಅಲ್ಲಿ ಕುಳಿತು ಐನ್ ಖಾಲಿದ್‌ನ ಆ ಮೇಜು ನೆನೆದೆ. ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

ಮರಳಿ ಬಂದು ಮಗಳಿಗೆ ಹೇಳಿದರೆ, “ಇಲ್ಲಿಯೂ ಬಾಯಿ ಮುಚ್ಚಿಕೊಂಡಿರಿ ಅಮ್ಮಾ” ಎಂದಳು.

ಗುರ್ಕಾರರಿಗೆ ಹೇಳದ ಆಮೆನ್ ಅನ್ನು ಅವಳಿಗಂತೂ ನಾನು ಹೇಳಲಿಲ್ಲ.