ಮರೆಯಿಲ್ಲದ ಜಂಕ್ಷನ್

ಬೆಳಿಗ್ಗೆ ಮನೆ ಬಿಟ್ಟ ಮೇಲೆ ಸಂಜೆ ಮರಳುವ ತನಕ ನಾನು ನೀರು ಕುಡಿಯುತ್ತಿರಲಿಲ್ಲ. ಇದು ಅರವತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮ ಮನೆ ಇದ್ದದ್ದು ಬಂಟ್ವಾಳ ಪೇಟೆಯಲ್ಲಿ. ನನಗೆ ಟೀಚರ್ ಕೆಲಸ ಸಿಕ್ಕಿದ್ದು ವಾಮದಪದವಿನ ಆಚೆ, ಒಳಗಿನ ಒಂದು ಶಾಲೆಯಲ್ಲಿ. ಬೆಳ್ತಂಗಡಿಯ ಬಸ್ಸಿನಲ್ಲಿ ಒಂದು ಜಂಕ್ಷನ್ ತನಕ ಹೋಗಿ, ಅಲ್ಲಿ ಇಳಿದು, ಒಳರಸ್ತೆಯ ಬಸ್ಸು ಹಿಡಿಯಬೇಕಿತ್ತು. ಹೋಗುವಾಗ ತೊಂದರೆಯಿರಲಿಲ್ಲ, ಒಂದು ಬಸ್ಸಿಗೆ ಇನ್ನೊಂದು ಕಾಯುತ್ತಿತ್ತು. ಬರುವಾಗ ಮಾತ್ರ ಘಟ್ಟ ಇಳಿದು ಬರುವ ಬಸ್ಸಿನ ದಾರಿ ನೋಡುತ್ತ ನಿಲ್ಲಬೇಕು. ಅದು ಬಂದಾಗ ಬಂತು.

ಜಂಕ್ಷನಿನಲ್ಲಿ ಒಂದು ಹೋಟೆಲು, ಒಂದು ಜವಳಿ ಅಂಗಡಿ, ಒಂದು ಸೈಕಲ್ ಅಂಗಡಿ, ನಾವೆಲ್ಲ ನಿಲ್ಲುವ ಒಂದು ಮಾವಿನ ಮರ. ಗಂಡಸರಿಗೆ ಆ ಮರದ ಹಿಂಬದಿಯೇ ಸಾಕಿತ್ತು. ನನ್ನ ಜೊತೆ ಕಾಯುತ್ತಿದ್ದ ಇನ್ನೊಬ್ಬ ಹೆಂಗಸೆಂದರೆ ಹಳ್ಳಿಯ ಆಸ್ಪತ್ರೆಯ ನರ್ಸ್ ಬಾಯಿ. ನನಗಿಂತ ಬಹಳ ಹಿರಿಯಳು. ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಸಂಕೋಚದಿಂದ, "ಇಲ್ಲಿ ಹೆಂಗಸರಿಗೆ ಎಲ್ಲಿಗಾದರೂ ಹೋಗ್ಲಿಕ್ಕೆ ಉಂಟಾ?" ಎಂದು ಕೇಳಿದ್ದೆ.

"ನೀರು ಕುಡಿಯಬೇಡ ಮಾರಾಯ್ತಿ, ಅಷ್ಟೆ," ಎಂದಿದ್ದಳು.

ಅವಳ ಮಾತು ಪಾಲಿಸಿ ನನಗೆ ಉರಿಮೂತ್ರ ಶುರುವಾಯಿತು. ಅಮ್ಮನಿಗೆ ಉಷ್ಣ ಎಂದೆ. ಡಾಕ್ಟರರಿಗೂ ಉಷ್ಣ ಎಂದೇ ಹೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, "ಉಷ್ಣ ಅಲ್ಲ. ನೀವು ನೀರು ಕುಡಿಯುದಿಲ್ಲ. ನಾಳೆಯಿಂದ ಶಾಲೆಗೊಂದು ಬಾಟ್ಲಿ ತೆಕ್ಕೊಂಡು ಹೋಗಿ," ಎಂದರು. ಅದನ್ನು ನನ್ನ ಮುಖದಲ್ಲೇ ಓದಿದರಲ್ಲ ಎಂದು ನಾಚಿಕೆಯಾಗಿ ನಾನು ತಲೆಯೆತ್ತಲಿಲ್ಲ.

ಬಾಟ್ಲಿ ತೆಗೆದುಕೊಂಡು ಹೋಗತೊಡಗಿದ ಮಳೆಗಾಲದಲ್ಲೇ ಒಂದು ದಿನ ಚಾರ್ಮಾಡಿಯಲ್ಲಿ ಗುಡ್ಡ ಜರಿಯಿತು. ಘಟ್ಟದಿಂದ ಬಸ್ಸು ಬರುವುದಿಲ್ಲ, ಬೆಳ್ತಂಗಡಿಯಿಂದ ಏನಾದರೂ ಹೊರಟರೆ ಬಂದೀತು ಎಂದು ಹೋಟೆಲಿನವರು ಹೇಳಿದರು. ನರ್ಸ್ ಬಾಯಿ ಆ ದಿನ ರಜೆಯಲ್ಲಿದ್ದಳು. ಮರದ ಕೆಳಗೆ ನಾನೊಬ್ಬಳೇ ಹೆಂಗಸು. ಕಾಲು ಬದಲಿಸುತ್ತ, ಕೊಡೆಯ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡು ನಿಂತೆ. ಸೈಕಲ್ ಅಂಗಡಿಯ ಹಿಂದೆ ಅಂಗಡಿಯವನದೇ ಮನೆ. ಬ್ಯಾರಿ ಮುಸ್ಲಿಮರ ಮನೆ, ಅವನ ಹೆಂಡತಿ ಬಾಗಿಲ ಸಂದಿಯಲ್ಲಿ ನಿಂತು ರಸ್ತೆ ನೋಡುವುದನ್ನು ಎಷ್ಟೋ ಸಲ ಕಂಡಿದ್ದೆ, ಒಂದು ದಿನವೂ ಮಾತಾಡಿಸಿದವಳಲ್ಲ. ಈಗ ಹೋಗಿ ಮೊದಲ ಮಾತಾಗಿ ಇದನ್ನೇ ಕೇಳುವುದೇ? ಆಗಲಿಲ್ಲ.

ಕೊನೆಗೆ ತಡೆಯಲಾರದೆ ರಸ್ತೆ ಬಿಟ್ಟು, ಕೆಂಪುಕಲ್ಲು ಕಡಿಯುತ್ತಿದ್ದ ಕೋರೆಯ ಕಡೆಗೆ ಹೋಗುವ ಕಾಲುದಾರಿ ಹಿಡಿದೆ. ಹಳೆಯ ಕೋರೆಯ ಮೂಲೆಯಲ್ಲಿ ಕೊಡೆಯನ್ನು ಅಡ್ಡ ಹಿಡಿದು ಕುಳಿತೆ. ಆ ಕಾಲುದಾರಿ ಶಾಲೆಯ ಕಡೆಯಿಂದ ಬರುವ ಒಳದಾರಿ ಎಂದು ನನಗೆ ಗೊತ್ತಿರಲಿಲ್ಲ. ಮಳೆಯ ಸದ್ದಿನಲ್ಲಿ ಸೈಕಲ್ ಬಂದದ್ದು ಕೇಳಲಿಲ್ಲ. ಗಾಳಿಗೆ ಕೊಡೆ ಮಗುಚಿತು. ತಲೆಯೆತ್ತಿದರೆ ಎದುರಿಗೆ ಸೈಕಲ್ ಅಂಗಡಿಯವನು. ಹಿಂದೆ ಕ್ಯಾರಿಯರಿನಲ್ಲಿ ಅವನ ಮಗಳು, ನನ್ನದೇ ಮೂರನೇ ಕ್ಲಾಸಿನ ಹುಡುಗಿ.

ಅವನು ತಟ್ಟನೆ ಮುಖ ತಿರುಗಿಸಿ, ಸೈಕಲಿನಿಂದ ಇಳಿದು, ಅದನ್ನು ಬಂದ ದಾರಿಗೇ ತಿರುಗಿಸತೊಡಗಿದ. ಹುಡುಗಿಗೆ ಏನು ತಿಳಿಯಬೇಕು? ಟೀಚರನ್ನು ಎಲ್ಲಿ ಕಂಡರೂ ಕೈಮುಗಿಯಬೇಕೆಂದು ಕಲಿಸಿದವಳು ನಾನೇ. ಅವಳು ಎರಡು ಕೈಯನ್ನೂ ಜೋಡಿಸಿ ಗಟ್ಟಿಯಾಗಿ, "ನಮಸ್ತೇ ಟೀಚರ್!" ಎಂದಳು.

ಎರಡು ದಿನ ಜ್ವರವೆಂದು ಮಲಗಿದೆ. ಮತ್ತೆ ಶಾಲೆಗೆ ಹೋದರೆ ಆ ಹುಡುಗಿ ಎಂದಿನಂತೆ ಮುಂದಿನ ಸಾಲಿನಲ್ಲಿ ಕುಳಿತಿದ್ದಳು, ಎಂದಿನಂತೆ ಕೈಯೆತ್ತುತ್ತಿದ್ದಳು. ನಾನೇ ಅವಳ ಕಡೆ ನೋಡದೆ ಬೇರೆಯವರನ್ನು ಕೇಳುತ್ತಿದ್ದೆ. ಉತ್ತರ ಗೊತ್ತಿದ್ದೂ ಟೀಚರ್ ತನ್ನನ್ನು ಯಾಕೆ ಕೇಳುವುದಿಲ್ಲ ಎಂದು ಆ ಮಗು ಎಷ್ಟು ಯೋಚಿಸಿತೋ. ಜಂಕ್ಷನಿನಲ್ಲಿ ಸೈಕಲ್ ಅಂಗಡಿಗೆ ಬೆನ್ನು ಹಾಕಿ ನಿಲ್ಲುವುದನ್ನು ರೂಢಿ ಮಾಡಿಕೊಂಡೆ.

ಮಳೆ ಬಿಟ್ಟ ಮೇಲೆ ಊರಿನವರು ಸೇರಿ ಬಸ್ಸಿಗೆ ಕಾಯುವವರಿಗೊಂದು ತಂಗುದಾಣ ಕಟ್ಟಿಸುವ ಯೋಚನೆ ಮಾಡಿದರು. ಹೋಟೆಲಿನ ಜಗಲಿಯಲ್ಲಿ ಸಭೆ. ಸಭೆಯ ಹಿರಿಯರು, ಸುತ್ತಲಿನ ದೊಡ್ಡ ಜಮೀನುದಾರರು, ಬಸ್ಸಿಗೆ ನಿಂತಿದ್ದ ನರ್ಸ್ ಬಾಯಿಯನ್ನೂ ನನ್ನನ್ನೂ ಕಂಡು ಕರೆದು ಕೂರಿಸಿದರು. "ಟೀಚರ್, ದಿನಾ ಕಾಯುವವರು ನೀವು. ಕಲಿತವರು ಬೇರೆ. ಎಂತೆಂತ ಬೇಕು, ಹೇಳಿ ನೋಡುವ."

ನರ್ಸ್ ಬಾಯಿ ನನ್ನ ಮೊಣಕೈ ತಿವಿದಳು. ನಾನು ಎದ್ದೆ. ಜಗಲಿಯ ತುಂಬ ಗಂಡಸರು. ಕಂಬಕ್ಕೆ ಒರಗಿ ಸೈಕಲ್ ಅಂಗಡಿಯವನೂ ಇದ್ದ. ನಾಲಗೆಯ ತುದಿಗೆ ಬಂದ ಶಬ್ದ ಅಲ್ಲೇ ಒಣಗಿತು. "ಒಂದು ಗಡಿಯಾರ ಇದ್ದರೆ ಒಳ್ಳೆಯದಿತ್ತು," ಎಂದೆ.

"ಭೇಷ್!" ಎಂದರು ಹಿರಿಯರು. ಎಲ್ಲರೂ ತಲೆದೂಗಿದರು.

ಬಸ್ಸಿನಲ್ಲಿ ನರ್ಸ್ ಬಾಯಿ ಕಿಟಕಿಯ ಹೊರಗೆ ನೋಡುತ್ತಲೇ, "ಒಳ್ಳೆಯದಾಯಿತು. ಇನ್ನು ಗಂಟೆ ನೋಡಿಕೊಂಡು ತಡೆದುಕೊಳ್ಳುವ," ಎಂದಳು.

ಗಡಿಯಾರ ಬಂತು. ಸಿಮೆಂಟಿನ ಬೆಂಚು, ಹೆಂಚಿನ ಮಾಡು ಎಲ್ಲ ಬಂತು. ಬಾಳೆಗಿಡ ಕಟ್ಟಿ, ಮಾವಿನೆಲೆಯ ತೋರಣ ಹಾಕಿ, ಬೆಲ್ಲ ಹಂಚಿ ಉದ್ಘಾಟನೆಯೂ ಆಯಿತು. ಹಿರಿಯರು ಭಾಷಣದಲ್ಲಿ ನನ್ನ ಸಲಹೆಯನ್ನು ಹೊಗಳಿದರು. ನನಗೆ ನೆಲ ಬಿರಿದು ಒಳಗೆ ಹೋದರೆ ಸಾಕೆನಿಸಿತು.

ಮುಂದಿನ ಬೇಸಿಗೆಯಲ್ಲಿ ಒಂದು ಸಂಜೆ ಸೈಕಲ್ ಅಂಗಡಿಯವನ ಹೆಂಡತಿ ತಲೆಯ ಮೇಲೆ ಸೆರಗೆಳೆದುಕೊಂಡು ತಂಗುದಾಣದ ತನಕ ಬಂದಳು. ಅವಳು ರಸ್ತೆಗೆ ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು. ತುಳುವಿನಲ್ಲಿ, ನಮಗಿಬ್ಬರಿಗೇ ಕೇಳುವಷ್ಟು ಮೆಲ್ಲಗೆ ಹೇಳಿದಳು: "ಟೀಚರ್, ನಮ್ಮವರು ಹಿತ್ತಲಲ್ಲಿ ತೆಂಗಿನ ಮಡಲಿನ ತಟ್ಟಿ ಕಟ್ಟಿ ಒಂದು ಮರೆ ಮಾಡಿದ್ದಾರೆ. ನೀರು ಉಂಟು. ಎಂತ ನಾಚಿಕೆಯೂ ಬೇಡ, ಬನ್ನಿ."

ನರ್ಸ್ ಬಾಯಿ ಆ ಕ್ಷಣವೇ ಅವಳ ಹಿಂದೆ ಹೋದಳು. ನಾನು ಹೋಗಲಿಲ್ಲ. ಅವನು ಮರೆತಿರಲಿಲ್ಲ, ಮನೆಯಲ್ಲಿ ಹೇಳಿದ್ದಾನೆ, ಈ ತಟ್ಟಿ ನನಗಾಗಿಯೇ ಕಟ್ಟಿದ್ದು. ಅವನ ಒಳ್ಳೆಯತನ ಕಂಡಷ್ಟೂ ನನ್ನ ಮುಖ ಬಿಸಿಯಾಗುತ್ತಿತ್ತು. ಸುಮಾರು ದಿನ ಹಾಗೇ ಕಳೆದು, ಒಂದು ಸಂಜೆ ದೇಹವೇ ನನ್ನನ್ನು ಎಳೆದುಕೊಂಡು ಹೋಯಿತು. ಅವಳು ಏನೂ ಕೇಳದೆ ತಂಬಿಗೆ ಕೈಗೆ ಕೊಟ್ಟು ಅತ್ತ ತಿರುಗಿ ನಿಂತಳು.

ಸುದ್ದಿ ಹೆಂಗಸರಿಂದ ಹೆಂಗಸರಿಗೆ ಹೋಯಿತು. ಮೂಡುಬಿದಿರೆಯ ಕಡೆಯಿಂದ ಬಂದವರು, ಬೆಳ್ತಂಗಡಿಗೆ ಹೋಗುವವರು, ಬಾಣಂತಿಯರು, ಮುದುಕಿಯರು ಎಲ್ಲ ಆ ಹಿತ್ತಲಿಗೆ ಬರತೊಡಗಿದರು. ಅವರಿಗೆಲ್ಲ ನೀರು ಸೇದಿ ಅವಳ ಅಂಗೈ ಜಡ್ಡುಗಟ್ಟಿದ್ದನ್ನು ಕಂಡೆ. ಮಳೆಗಾಲಕ್ಕೆ ತಟ್ಟಿ ಕುಸಿಯಿತು.

ತಂಗುದಾಣದ ಸುಣ್ಣಬಣ್ಣಕ್ಕೆಂದು ಮತ್ತೆ ಸಭೆ ಕೂಡಿದಾಗ ಕರೆಯದೆಯೇ ಹೋದೆ. "ಹೆಂಗಸರಿಗೆ ಒಂದು ಕಕ್ಕಸು ಬೇಕು," ಎಂದೆ. ಮೂಲೆಯಲ್ಲಿ ಯಾರೋ ನಕ್ಕರು.

ಹೋಟೆಲಿನವರು, "ಅಂಥದ್ದನ್ನು ಇಲ್ಲಿ ಕಟ್ಟಿದರೆ ನನ್ನಲ್ಲಿಗೆ ಚಾ ಕುಡಿಯಲಿಕ್ಕೆ ಯಾರು ಬರ್ತಾರೆ?" ಎಂದರು.

ಹಿರಿಯರು ನೆಲ ನೋಡುತ್ತ, "ಆಗಲಿ, ತಂಗುದಾಣದ ಪಕ್ಕದಲ್ಲೇ, ರಸ್ತೆಗೆ ಬಾಗಿಲಿಟ್ಟು ಮಾಡುವ," ಎಂದರು.

"ರಸ್ತೆಗೆ ಬಾಗಿಲು ಬೇಡ. ಇಟ್ಟರೆ ಯಾರೂ ಹೋಗುದಿಲ್ಲ."

"ನಿಮಗೆ ಹೇಗೆ ಗೊತ್ತು ಟೀಚರ್?"

"ನಾನು ಹೋಗುದಿಲ್ಲ," ಎಂದೆ. ಕಣ್ಣು ತುಂಬಿತು.

ಸೈಕಲ್ ಅಂಗಡಿಯವನು ನನ್ನತ್ತ ನೋಡದೆಯೇ ಹೇಳಿದ: "ನನ್ನ ಹಿತ್ತಲಲ್ಲಿ ಜಾಗ ಉಂಟು. ಅಂಗಡಿಯ ಪಕ್ಕದಲ್ಲಿ ದಾರಿ ಬಿಡ್ತೇನೆ. ಬಾಗಿಲು ಬಾವಿಯ ಕಡೆಗೆ ಇಡುವ."

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಪೇಟೆ ಮುಟ್ಟಿತ್ತು. ಅಪ್ಪ ಉಣ್ಣುವಾಗ ತಲೆಯೆತ್ತಲಿಲ್ಲ. "ಅಷ್ಟು ಗಂಡಸರ ಎದುರು ಆ ಶಬ್ದ ಹೇಳಿದೆಯಂತೆ?" ಎಂದು ಅಮ್ಮ ಕೇಳಿದಳು. "ಹೇಳಿದೆ," ಎಂದೆ. ಆ ಮಾತು ಮುಗಿಯಿತು. ನಾಚಿಕೆ ಬಹಳ ಕಾಲ ಉಳಿಯಿತು. ನಾಲ್ಕು ಜನ ಗಂಡಸರು ನಗುವುದು ಕೇಳಿದರೆ ನನ್ನ ವಿಷಯವೇ ಇರಬೇಕೆಂದು ಹೆಜ್ಜೆ ಚುರುಕಾಗುತ್ತಿತ್ತು.

ಗೋಡೆ ಏಳುವ ಮೊದಲೇ ನನಗೆ ಮೂಡುಬಿದಿರೆಗೆ ವರ್ಗವಾಯಿತು. ಅದು ಕಟ್ಟಿ ಮುಗಿದದ್ದನ್ನು ನರ್ಸ್ ಬಾಯಿ ಆಮೇಲೆ ಸಿಕ್ಕಾಗ ಹೇಳಿದಳು. ಅದರ ಉದ್ಘಾಟನೆಗೆ ಹಿರಿಯರು ಒಪ್ಪಲಿಲ್ಲವಂತೆ, ಬೇರೆ ಯಾರೂ ಮುಂದೆ ಬರಲಿಲ್ಲವಂತೆ. ಒಂದು ಬೆಳಿಗ್ಗೆ ಸೈಕಲ್ ಅಂಗಡಿಯವನ ಹೆಂಡತಿ ಅಂಗಳ ಗುಡಿಸಿ, ಹೋಗಿ ಚಿಲಕ ತೆಗೆದಳು. ಅಷ್ಟೆ.