ಐದು ಮೆಟ್ಟಿಲ ನಳ

ಹುಣಸೆಹಣ್ಣು, ಉಪ್ಪು ಹಚ್ಚಿ ತಾಮ್ರದ ಹಂಡೆ ತಿಕ್ಕುತ್ತಿದ್ದೆ. ಅರ್ಧ ಹಂಡೆ ಕೆಂಪಗಾಗಿತ್ತು, ಅರ್ಧ ಇನ್ನೂ ಕಪ್ಪಿತ್ತು. ಎಂಟು ದಿನಕ್ಕೊಮ್ಮೆ ಬರುವ ನಳದ ನೀರು ಅವತ್ತು ಬರುವುದಿತ್ತು. ಆಗ ಬಾಜೂಮನೆಯ ಸೊಸೆ ಗಿಡ್ಡ ಗೋಡೆಯಾಚೆ ಬಂದು ನಿಂತಳು.

"ನಮ್ಮ ಅತ್ತಿ ಹೋದ್ರಂತ್ರಿ, ಕಾಕು... ಕಲಘಟಗಿಯೊಳಗ, ಮಗಳ ಮನ್ಯಾಗ. ಮಧ್ಯಾಹ್ನ ಇಲ್ಲಿಗೇ ತರ್ತಾರಂತ."

ಆಕೆಯ ಅತ್ತೆಗೆ ನಾನು ಕಾಕು ಎನ್ನುತ್ತಿದ್ದೆ. ಈಗ ಆಕೆ ನನಗೆ ಕಾಕು ಎನ್ನುತ್ತಾಳೆ. ಕಾಲ ಹಾಗೆ ಸರಿಯಿತು. ಹುಣಸೆಯ ಹುಳಿ ವಾಸನೆ ಮೂಗಿಗೆ ಹತ್ತಿತು. ನೀರಿನ ದಿನ ಗೋಡೆಯಾಚೆಯಿಂದಲೂ ಇದೇ ವಾಸನೆ ಬರುತ್ತಿತ್ತು... ಆದರೆ ಕಾಕುವನ್ನು ನೆನೆದರೆ ನನಗೆ ಮೊದಲು ಕಾಣುವುದು ಅವರ ಮುಖವಲ್ಲ, ನೆಲದಿಂದ ಗೇಣುದ್ದ ಮೇಲೆ ಕಾಣುವ ಒಂದು ತುರುಬು.

ಊರಿಗೆ ನಳ ಬಂದಾಗ ಎಲ್ಲರ ಮನೆ ಮುಂದೆಯೂ ಅದು ಸೊಂಟದೆತ್ತರ ನಿಂತಿತ್ತು. ನೀರಿಗೆ ಮಾತ್ರ ಅಷ್ಟು ಎತ್ತರ ಏರುವ ಕಸುವಿರಲಿಲ್ಲ. ಕೊಡ ಹಿಡಿದರೆ ಶಾವಿಗೆ ಎಳೆಯಷ್ಟು ಬೀಳುತ್ತಿತ್ತು. ನಳ ತಿರುಗಿಸಿ ಮುಚ್ಚುವ ಚಾವಿಯೇ ನೀರನ್ನು ತಡೆಯುತ್ತಿದೆ ಎಂದು ಓಣಿಯವರೆಲ್ಲ ಮೊದಲು ಚಾವಿ ಕಿತ್ತುಹಾಕಿದೆವು. ಆಮೇಲೆ ಕಾಕು ಒಂದು ಉಪಾಯ ಹೂಡಿದರು. ನಳದ ಬುಡದಲ್ಲಿ ಗುಂಡಿ ತೋಡಿಸಿ, ಪೈಪು ಕೊಯ್ಯಿಸಿ, ನಳವನ್ನು ನೆಲಕ್ಕಿಂತ ಕೆಳಗೆ ಇಳಿಸಿದರು. ಇಳಿಯಲು ಒಂದು ಮೆಟ್ಟಿಲು. ಅವರ ಕೊಡ ಭರಭರ ತುಂಬಿತು. ಎರಡೂ ಮನೆಗೆ ಪೈಪು ಒಂದೇ, ನಮ್ಮದು ಶಾವಿಗೆಯಿಂದ ಸೂಜಿದಾರಕ್ಕೆ ಬಂತು. ನಮ್ಮ ಮನೆಯವರು ಸುಮ್ಮನಿರುತ್ತಾರೆಯೇ? ಎರಡು ಮೆಟ್ಟಿಲು ಇಳಿಸಿದರು. ಕಾಕು ಮೂರು. ನಾವು ನಾಲ್ಕು. ಒಣಗಿದ ಎರೆಮಣ್ಣು ಕಲ್ಲಿನಂತಿರುತ್ತದೆ, ಆದರೆ ಹಟಕ್ಕೆ ಬಿದ್ದವರಿಗೆ ಅದೂ ಬೆಣ್ಣೆ.

ಕಾಕು ಐದನೆಯ ಮೆಟ್ಟಿಲು ಮಾಡಿಸಿ ಕೆಳಗೆ ಕಲ್ಲು ಹಾಸಿಸಿದರು. ಒಮ್ಮೆ ಭಿಕ್ಷೆಗೆ ಬಂದ ಜಂಗಮ ಅಯ್ಯನವರು, ಬಾಗಿಲಲ್ಲಿ ಯಾರೂ ಇಲ್ಲವೆಂದು ಹೊರಟಾಗ ಅವರ ಪಾದದ ಬಳಿ ನೆಲದೊಳಗಿಂದ "ನಿಂದರ್ರಿ ಅಜ್ಜಾರ, ಬಂದೆ" ಎಂದು ದನಿ ಬಂತು. ಅಯ್ಯನವರು ಜೋಳಿಗೆ ಎದೆಗೆ ಅವಚಿಕೊಂಡು ಹಿಂದೆ ಸರಿದದ್ದನ್ನು ಕಣ್ಣಾರೆ ಕಂಡೆ. ತಡೆಯಲಾರದೆ ಕೇಳಿಬಿಟ್ಟೆ:

"ಅಲ್ರೀ ಕಾಕು, ಪಾತಾಳಕ್ಕ ಹೊಂಟೀರೇನ್ರಿ?"

"ನೀರ ಅಲ್ಲೇ ಐತಿ ಅಂದ್ರ ಹೋಗೂದ! ನಿನಗ್ಯಾಕ ಹೊಟ್ಟಿ ಉರಿ?"

ಅಲ್ಲಿಗೆ ನಮ್ಮಿಬ್ಬರ ಮಾತು ನಿಂತಿತು. ಹೇಳುವುದೇನಾದರೂ ಇದ್ದರೆ ಅವರು ತಮ್ಮ ಎಮ್ಮೆಗೆ ಹೇಳುತ್ತಿದ್ದರು. "ಗೋಡಿ ಮ್ಯಾಲೆ ಕೌದಿ ಒಣಹಾಕಬಾರ್ದಂತ ನಿನಗ ತಿಳೀತೈತಿ, ಕೆಲವ್ರಿಗೆ ತಿಳಿಯಂಗಿಲ್ಲ ನೋಡವಾ" ಎಂದು ಅದರ ಬೆನ್ನು ಸವರುತ್ತಿದ್ದರು. ಎಮ್ಮೆ ನನ್ನ ಕಡೆ ನೋಡುತ್ತಿತ್ತು.

ಆ ದಿನಗಳಲ್ಲೇ ನನ್ನ ಮಗಳ ಹೆರಿಗೆಯಾಯಿತು. ತಾಯಿ ಕೂಸು ಸುಖವಾಗಿ ಮನೆಗೆ ಬಂದರೆ ಐವರು ಅಯ್ಯನವರನ್ನು ಕರೆದು ಪಾದಪೂಜೆ ಮಾಡಿ, ಪ್ರಸಾದ ಮಾಡಿಸುತ್ತೇನೆಂದು ಬೇಡಿಕೊಂಡಿದ್ದೆ. ಶಿವ ನಡೆಸಿಕೊಟ್ಟ. ಸೋಮವಾರ ಗೊತ್ತುಮಾಡಿ ಓಣಿಯನ್ನೆಲ್ಲ ಕರೆದೆ, ಕಾಕು ಒಬ್ಬರನ್ನು ಬಿಟ್ಟು. ಬಾಣಂತಿಯ ಮನೆ, ಮೇಲೆ ಬೀಗರು ಬೇರೆ. ಬ್ಯಾರಲ್ಲು ತಳ ಕಂಡಿತ್ತು. ಪುಣ್ಯಕ್ಕೆ ರವಿವಾರವೇ ನೀರಿನ ದಿನ.

ರವಿವಾರ ನೀರು ಬಂತು, ಸೂಜಿದಾರದ ಹಾಗೆ. ಮುಕ್ಕಾಲು ತಾಸಾದರೂ ಒಂದು ಕೊಡ ತುಂಬಲಿಲ್ಲ. ನಮ್ಮ ಮನೆಯವರು ನಳಕ್ಕೆ ಬಾಯಿ ಹಚ್ಚಿ ಜಗ್ಗಿ ನೋಡಿದರು. ಮೀಸೆ ತೋಯಿತು, ಅಷ್ಟೇ. ಬಾಜೂ ಗುಂಡಿಯಲ್ಲಿ ಮಾತ್ರ ಭರಭರ ಸದ್ದು. ಬಾಯಿ ಬಿಟ್ಟು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಕರೆದವರಿಗೆ ಬರಬೇಡಿ ಎನ್ನುವುದೆಂತು, ಹರಕೆ ತಪ್ಪುವುದೆಂತು? ಗುಂಡಿಯಲ್ಲಿ ಕುಳಿತು ಸಂಕಟಕ್ಕೆ ಜೋರಾಗಿಯೇ ಬೇಡಿಕೊಂಡೆ: "ಶಿವನ, ನಿನ್ನ ಹೆಸರ್ಲೆ ಕರದೇನಿ, ನೀನ ದಾರಿ ತೋರಸು!"

ನಳ ಒಮ್ಮೆ ಕೆಮ್ಮಿತು. ಮರುಕ್ಷಣ ನೀರು ಎಂಥ ರಭಸದಿಂದ ನುಗ್ಗಿತೆಂದರೆ ಕೊಡವೇ ಉರುಳಿಬಿತ್ತು. ಓಡಿಹೋಗಿ ವಿಭೂತಿ ತಂದು ನಳಕ್ಕೆ ಮೂರು ಬೆರಳು ಎಳೆದೆ. ಗಂಟೆ ಬಾರಿಸಿ ಆರತಿ ತಟ್ಟೆ ಎತ್ತಿದ್ದೇ ತಡ, ಭೂಮಿಯೊಳಗಿಂದ ದನಿ ಬಂತು:

"ಆರತಿ ಆಮ್ಯಾಲೆ ಮಾಡಬೇ, ಮೊದಲ ಕೊಡಾ ಇಡು! ನೀರ ಚೆಲ್ಲಾಕತ್ತೈತಿ!"

ಸುಳ್ಳೇಕೆ ಹೇಳಲಿ, ಶಿವನೇ ಗದರಿದನೆಂದು ತಲೆ ಬಾಗಿಸಿದೆ. ಅಷ್ಟರಲ್ಲಿ ಶಿವ ಎರಡು ಸಲ ಸೀನಿದ.

ಗೋಡೆಯ ಮೇಲಿಂದ ಬಗ್ಗಿ ನೋಡಿದೆ. ಐದನೆಯ ಮೆಟ್ಟಿಲ ಕೆಳಗೆ ಕಾಕು ಕುಕ್ಕರುಗಾಲಲ್ಲಿ ಕುಳಿತಿದ್ದರು. ಸೆರಗಿನ ತುದಿ ನಳದ ಬಾಯಿಗೆ ತುರುಕಿ, ಎರಡೂ ಅಂಗೈ ಒತ್ತಿ ಹಿಡಿದಿದ್ದರು. ಚಾವಿಯಿಲ್ಲದ ನಳ ಮುಚ್ಚಲು ಬೇರೆ ದಾರಿಯಿರಲಿಲ್ಲ. ಬೆರಳ ಸಂದಿಯಿಂದ ಚಿಮ್ಮಿದ ನೀರು ಅವರ ಮುಖಕ್ಕೇ ಹೊಡೆಯುತ್ತಿತ್ತು.

"ಕಾಕು, ನಿಮ್ಮ ಕೊಡಾ?"

"ಎರಡ ತುಂಬ್ಯಾವು, ಸಾಕು."

"ನಾ ನಿಮ್ಮನ್ನ ಕರದೇ ಇಲ್ಲಲ್ರಿ..."

"ನನ್ನ ಕರೀಲಿಲ್ಲ ಖರೆ, ಅಯ್ಯನೋರ್ನ ಕರದೀಯಲ್ಲ. ಅವರೇನ ನೀರಿಲ್ದ ಉಣಬೇಕೇನ? ಮಾರಿ ಏನ ನೋಡ್ತಿ, ಹೋಗಬೇ, ಕೈ ಸೆಟದಾವು!"

ಬ್ಯಾರಲ್ಲು, ಹಂಡೆ, ಕೊನೆಗೆ ಹಿಟ್ಟು ನಾದುವ ಪರಾತವೂ ತುಂಬಿತು. ಆಮೇಲೆ ನೋಡಿದರೆ ಕಾಕುವಿಗೆ ಏಳಲಾಗಲಿಲ್ಲ, ಮೊಣಕಾಲು ಹಿಡಿದುಕೊಂಡಿದ್ದವು. ನಾನು ರಟ್ಟೆ ಹಿಡಿದು ಜಗ್ಗಿದೆ, ನಮ್ಮ ಮನೆಯವರು ಗೋಡೆ ಹಾರಿ ಬಂದರು. ಐದು ಮೆಟ್ಟಿಲಿಗೆ ಐದು ಸಲ ಬೈಸಿಕೊಂಡೆವು. ಮೇಲೆ ಬಂದವರೇ ಕಾಕು ಎಮ್ಮೆಯ ಕಡೆ ತಿರುಗಿದರು:

"ನಾಳಿ ಹೋಳಿಗಿ ಮಾಡ್ತಾರಂತ ನೋಡವಾ, ಕರದ್ರ ಹೋಗೂಣು."

ನಾನೂ ಎಮ್ಮೆಗೇ ಹೇಳಿದೆ: "ಮುಂಜಾನೆ ಲಗೂನ ಬರ್ರಿ ಅಂತ ಹೇಳವಾ."

ಅಂದಿನಿಂದ ಗುಂಡಿ ತೋಡುವುದು ನಿಂತಿತು. ನೀರು ಬಂದಾಗ ಅರ್ಧ ತಾಸು ಅವರು ತಮ್ಮ ನಳ ಮುಚ್ಚುವುದು, ಅರ್ಧ ತಾಸು ನಾನು ನಮ್ಮದು. ಕಾಳು ಬಿಡಿಸಿದ ಗೋವಿನಜೋಳದ ತೆನೆಗೆ ಹಳೆಯ ಖಣದ ಬಟ್ಟೆ ಸುತ್ತಿ ಕಾಕು ಎರಡು ಬೂಚು ಮಾಡಿದರು, ಒಂದನ್ನು ನನಗೆ ಕೊಟ್ಟರು. ಬೂಚು ತುರುಕಿದರೂ ಕೈ ಒತ್ತಿ ಕೂರಲೇಬೇಕಿತ್ತು. ಎರಡು ವರ್ಷದ ಹಿಂದೆ ಮೆಟ್ಟಿಲು ಇಳಿಯುವುದೇ ಆಗದಂತಾಗಿ ಮಗಳ ಮನೆಗೆ ಹೋಗುವಾಗ "ನನ್ನ ಸೊಸೀಗೆ ನಳಾ ಹಿಡಿಯೂದ ಕಲಸು" ಎಂದಿದ್ದರು...

ಹಂಡೆಯ ಮುಂದೆ ಎಷ್ಟು ಹೊತ್ತು ಕುಳಿತಿದ್ದೆನೋ, ನಳ ಕೆಮ್ಮಿತು. ನೀರು ಬಂತು. ಬಾಜೂಮನೆಯ ಗುಂಡಿಯಿಂದ ಸೊಸೆಯ ದನಿ, ಅಳುವೇ ಬಂದಿತ್ತು: "ಇವತ್ತ ಹಿಂಗ ಸಣ್ಣಗ ಬರಬೇಕಾ..." ಅವರ ಮನೆಗೆ ಅವತ್ತು ಎಷ್ಟು ನೀರು ಬೇಕು! ಕಾಕುವಿನ ಕಡೆಯ ಸ್ನಾನಕ್ಕೆ, ಬಂದವರಿಗೆ ಕುಡಿಯಲಿಕ್ಕೆ, ಮಣ್ಣುಮಾಡಿ ಬಂದವರ ಜಳಕಕ್ಕೆ.

ಗೂಟಕ್ಕೆ ತೂಗುಹಾಕಿದ್ದ ಖಣದ ಬೂಚು ತೆಗೆದುಕೊಂಡು ನಮ್ಮ ನಾಲ್ಕು ಮೆಟ್ಟಿಲು ಇಳಿದೆ. ನನ್ನ ಮೊಣಕಾಲು ಇನ್ನೂ ಮಡಚುತ್ತವೆ, ಅದೊಂದು ಶಿವನ ದಯೆ. ಬೂಚು ತುರುಕಿ ಅಂಗೈ ಒತ್ತಿದೆ. ನೀರು ಮುಖಕ್ಕೆ ಹೊಡೆಯಿತು. ಸೀನು ಬಂತು.

"ಬಂತ್ರೀ ಕಾಕು, ಜೋರ ಬಂತು! ನಿಮ್ಮ ಹಂಡೆ?" ಸೊಸೆ ಕೂಗಿದಳು.

"ನಂದಿನ್ನೂ ತಿಕ್ಕೂದೈತಿ. ನೀ ತುಂಬಬೇ ಮೊದಲ."

ಅವರದೆಲ್ಲ ತುಂಬಿದ ಮೇಲೆ ಗೋಡೆ ಹಿಡಿದುಕೊಂಡು ಹತ್ತಿ ಬಂದೆ. ಮೆಟ್ಟಿಲಿಗೊಮ್ಮೆ ಬೈಯುವವರು ಇರಲಿಲ್ಲ. ಗೋಡೆಯಾಚೆ ಆ ಹಳೆಯ ಎಮ್ಮೆಯ ಮಗಳು ಮೆಲುಕು ಹಾಕುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿತು.

"ಕಾಕು ಬರಾಕತ್ತಾರ ನೋಡವಾ" ಎಂದೆ.

ಹುಣಸೆಹಣ್ಣು ಒಣಗಿತ್ತು. ನೀರು ಚಿಮುಕಿಸಿ, ಹಂಡೆಯ ಉಳಿದರ್ಧ ತಿಕ್ಕಲು ಕುಳಿತೆ.