ತಳಿ ರಸ್ತೆಯಲ್ಲಿ ಒಂದು ಅನುವಾದ

15 ನವೆಂಬರ್ 2009, ಭಾನುವಾರ. ಹೊಸೂರಿನ ಹತ್ತಿರದ ತಳಿ ಊರಿನ ಬೆಟ್ಟದ ರಸ್ತೆ, ಬಾಡಿಗೆ ಕಾರು. ಒಳಗೆ ನಾನು, ಹೆಂಡತಿ ಸರಸು, ಸೇಲಂ ಕಡೆಯ ಡ್ರೈವರ್.

ಗೆಳೆಯರೇ, ತಿರುವಿನಲ್ಲಿ ಡ್ರೈವರ್ ಹಾರನ್ ಒತ್ತಿದ. ಎದುರಿನ ಗಾಡಿಯ ಎತ್ತುಗಳು ಬೆದರಿ, ಒಂದು ಚಕ್ರ ಚರಂಡಿಗೆ ಇಳಿಯಿತು. ಗಾಡಿಯ ಯಜಮಾನ ಬಾರುಕೋಲು ಹಿಡಿದು ಕಾರಿಗೆ ಅಡ್ಡ ನಿಂತ.

"ಯಾವನ್ಲಾ ನಿಂಗೆ ಲೈಸೆನ್ಸ್ ಕೊಟ್ಟೋನು? ಎತ್ಗಿರೋ ಬುದ್ಧೀನೂ ನಿಂಗಿಲ್ವಲ್ಲಾ."

ಕನ್ನಡ ಬಾರದ ಡ್ರೈವರ್ ಅಂಗಿಯ ತೋಳು ಮಡಚುತ್ತಾ, "ಎನ್ನ ಸೊಲ್ರಾರು?" ಎಂದು, ಏನು ಹೇಳ್ತಿದ್ದಾರೆಂದು ಸರಸುವನ್ನು ಕೇಳಿದ. ಹೊಸೂರಿನ ಕಾರ್ಖಾನೆಯಲ್ಲಿ ಮೂರು ಭಾಷೆಯವರ ನಡುವೆ ದಿನವೂ ಮಾತು ದಾಟಿಸುವವಳು ಅವಳು. ಎತ್ತುಗಳು ಹೊಸವಂತೆ, ಹಾರನ್ನಿಗೆ ಹೆದರುತ್ತವಂತೆ, ನೀವು ಸ್ವಲ್ಪ ಕೈ ಹಾಕಿದರೆ ಗಾಡಿ ಮೇಲೆ ಬರುತ್ತದಂತೆ ಎಂದು ತಮಿಳಿನಲ್ಲಿ ಹೇಳಿದಳು. ಡ್ರೈವರ್ ತಣ್ಣಗಾದ. ಇಳಿದುಹೋಗಿ ಚಕ್ರಕ್ಕೆ ಭುಜ ಕೊಟ್ಟ.

ಗಾಡಿ ಮೇಲೆ ಬಂದ ಮೇಲೆ ಯಜಮಾನ ಸರಸುವಿನ ಕಿಟಕಿಯ ಬಳಿ ಬಂದ.

"ನಂಗೂ ತಮಿಳು ಬತ್ತದೆ ಕಣಮ್ಮ. ನಾ ಅಂದಿದ್ದು ಅದಲ್ಲ. ಓಗ್ಲಿ, ಅದೇ ಇರ್ಲಿ."

ಅನುವಾದಕರು ಮೂಲದ ಒಂದು ಪದವನ್ನೂ ಬಿಡಬಾರದೆಂದು ಈ ಬ್ಲಾಗಿನಲ್ಲಿ ನಾನು ಎಷ್ಟೋ ಸಲ ವಾದಿಸಿದ್ದೇನೆ. ಇಂದು ಮಾತ್ರ ಅವಳ ಪಕ್ಕದಲ್ಲಿ ಎದೆಯುಬ್ಬಿಸಿ ಕುಳಿತು ಮನೆಗೆ ಬಂದೆ. ಅವಳು ಓದುವುದಕ್ಕೆ ಮೊದಲು ಆ ಪೋಸ್ಟುಗಳನ್ನೆಲ್ಲ ಅಳಿಸಬೇಕೆಂದು ತೀರ್ಮಾನಿಸಿದ್ದೇನೆ.